ಅರಳು ಮರಳಿನ ಲೆಕ್ಕ

'ಅರವತ್ತಕ್ಕೆ ಅರಳು ಮರಳು' ಅನ್ನೋ ನಮ್ಮ ಗಾದೆ ಎಷ್ಟೋ ಮನೆಗಳಲ್ಲಿ ನೆಪವಾಗಿದೆ. ಅಜ್ಜಿ ಒಂದೇ ಮಾತನ್ನು ಹತ್ತು ಸಲ ಕೇಳಿದರೂ, ತಾತ ದಿನಾ ಹೋಗುವ ಅಂಗಡಿಯಿಂದ ಬರುವಾಗ ದಾರಿ ತಪ್ಪಿದರೂ 'ವಯಸ್ಸಾಯ್ತಲ್ಲ' ಎಂದು ಸುಮ್ಮನಾಗುತ್ತೇವೆ. ಡಿಮೆನ್ಷಿಯಾ ಬರೀ ವಯಸ್ಸಿನ ಗುಣವಲ್ಲ, ಮೆದುಳಿನ ಕಾಯಿಲೆಗಳಿಂದ ಬರುವಂಥದ್ದು. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಇದು ಇದೆ.

'ಆಲ್ಝೈಮರ್‌ಗೆ ಮದ್ದು ಸಿಕ್ತಂತೆ' ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ಅಮೆರಿಕದಲ್ಲಿ 2023ರಲ್ಲಿ ಲೆಕಾನೆಮ್ಯಾಬ್, 2024ರಲ್ಲಿ ಡೊನಾನೆಮ್ಯಾಬ್ ಔಷಧಿಗೆ ಒಪ್ಪಿಗೆ ಸಿಕ್ಕಿದ್ದು ನಿಜ. ಇವು ಮೆದುಳಲ್ಲಿ ಕಟ್ಟಿಕೊಂಡ ಅಮಿಲಾಯ್ಡ್ ಪ್ರೋಟೀನನ್ನು ತೆಗೆಯುತ್ತವೆ. ಆದರೆ ಹೋದ ನೆನಪು ವಾಪಸ್ ಬರುವುದಿಲ್ಲ. 18 ತಿಂಗಳ ಪ್ರಯೋಗದಲ್ಲಿ ಲೆಕಾನೆಮ್ಯಾಬ್ ಪಡೆದವರ ಕುಸಿತ ಉಳಿದವರಿಗಿಂತ ಶೇ. 27ರಷ್ಟು ನಿಧಾನವಾಯಿತು, ಅಷ್ಟೇ. ಅದೂ ಆರಂಭದ ಹಂತದವರಿಗೆ ಮಾತ್ರ. ಮೆದುಳಲ್ಲಿ ಊತ, ರಕ್ತಸ್ರಾವ ಆಗುವ ಅಪಾಯವಿರುವುದರಿಂದ ಮತ್ತೆ ಮತ್ತೆ ಎಂಆರ್‌ಐ ಮಾಡಿಸಬೇಕು.

ನನಗೆ ಇದಕ್ಕಿಂತ ಹತ್ತಿರವೆನಿಸುವ ಸಂಶೋಧನೆ ನಾನಿರುವ ಹೈದರಾಬಾದಿನದು. ಡಾ. ಸುವರ್ಣಾ ಅಲ್ಲಾಡಿ ಮತ್ತು ತಂಡದವರು ಇಲ್ಲಿನ ನಿಮ್ಸ್ ಆಸ್ಪತ್ರೆಯಲ್ಲಿ 648 ರೋಗಿಗಳ ದಾಖಲೆ ನೋಡಿ 2013ರಲ್ಲಿ ವರದಿ ಪ್ರಕಟಿಸಿದರು. ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮುಖ ನೋಡದವರಲ್ಲೂ ಈ ವ್ಯತ್ಯಾಸವಿತ್ತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುವ ನಮಗೆ ಖುಷಿಯ ಸುದ್ದಿ. ಆದರೆ ಇದು ರಕ್ಷಾಕವಚವಲ್ಲ. ಎರಡಕ್ಕಿಂತ ಹೆಚ್ಚು ಭಾಷೆ ಕಲಿತರೆ ಹೆಚ್ಚಿನ ಲಾಭವೂ ಆ ಅಧ್ಯಯನದಲ್ಲಿ ಕಾಣಲಿಲ್ಲ.

ಇಂಥ ಕೆಲಸ ಮಾಡುವವರು ಎಲ್ಲಿಂದ ಬರಬೇಕು? ನಮ್ಮ ತಂಡದ ಹುಡುಗಿಯೊಬ್ಬಳು ಮೊನ್ನೆ ಕೇಳಿದಳು: "ಸರ್, ಈ ಕೆಲಸ ಬಿಟ್ಟು ಮೆದುಳಿನ ಸಂಶೋಧನೇಲಿ ಪಿಎಚ್‌ಡಿ ಮಾಡ್ಲಾ? ಅಮ್ಮ ಬೇಡ ಅಂತಿದ್ದಾರೆ." ಅಮ್ಮನ ಚಿಂತೆ ಸುಳ್ಳಲ್ಲ. ಜೆಆರ್‌ಎಫ್ 2023ರಿಂದ ತಿಂಗಳಿಗೆ 37,000 ರೂಪಾಯಿ, ಮನೆಬಾಡಿಗೆ ಭತ್ಯೆ ಬೇರೆ. ಎರಡು ವರ್ಷದ ನಂತರ 42,000. ಅವಳ ಈಗಿನ ಸಂಬಳಕ್ಕೆ ಹೋಲಿಸಿದರೆ ಎದೆ ಧಸಕ್ ಅನ್ನುತ್ತದೆ. ಪಿಎಚ್‌ಡಿ ಮುಗಿದ ಮೇಲೂ ಎಷ್ಟೋ ಹುದ್ದೆಗಳು ಪ್ರಾಜೆಕ್ಟ್ ಇರುವಷ್ಟು ದಿನ ಮಾತ್ರ.

ಆದರೂ ನಮ್ಮಂಥವರಿಗೆ ಅಲ್ಲಿ ಕೆಲಸವಿದೆ. ಬೆಂಗಳೂರಿನ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡಿದೆ. ರಕ್ತ, ಜೀನ್, ಎಂಆರ್‌ಐ, ನೆನಪಿನ ಪರೀಕ್ಷೆ ಎಲ್ಲದರ ಡೇಟಾ ಸೇರಿಸಿ ಓದಲು ಡಾಕ್ಟರು ಮಾತ್ರ ಸಾಲದು. ಸಂಖ್ಯಾಶಾಸ್ತ್ರ, ಕೋಡ್ ಬಲ್ಲವರು ಬೇಕು. ಅಕ್ಷರ ಬಾರದ ಅಜ್ಜಿಯ ಹತ್ತಿರ ಅವರ ಮಾತಿನಲ್ಲೇ ನೆನಪಿನ ಪರೀಕ್ಷೆ ಮಾಡಬಲ್ಲವರೂ ಬೇಕು.

ಅವಳಿಗೆ ನಾನು ಹೇಳಿದ್ದಿಷ್ಟು: ಮೊದಲು ಒಂದು ವರ್ಷದ ಖರ್ಚು ಉಳಿಸು. ಆಮೇಲೆ ಪ್ರಾಜೆಕ್ಟ್ ಹುದ್ದೆಗೆ ಅರ್ಜಿ ಹಾಕಿ ಕೆಲಸ ಒಗ್ಗುತ್ತದೆಯೇ ನೋಡು. ಪಿಎಚ್‌ಡಿ ಆಮೇಲಿನ ಮಾತು. ನಿಮ್ಮ ಮಕ್ಕಳೂ ಇದೇ ಪ್ರಶ್ನೆ ತಂದರೆ, ಪ್ಯಾಕೇಜ್ ಎಷ್ಟು ಅನ್ನುವ ಮೊದಲು ಕೆಲಸ ಏನು ಎಂದು ಕೇಳಿ ನೋಡಿ.