ಮಳೆ ಅಳೆಯುವವರು ಪರಾಗವನ್ನೂ ಅಳೆಯಲಿ

ಫೆಬ್ರುವರಿ ಬಂತೆಂದರೆ ಬೆಂಗಳೂರಿನ ಟ್ಯಾಬೆಬುಯಾ ಮರಗಳು ಮೈತುಂಬ ಗುಲಾಬಿ ಹೂ ಹೊದ್ದು ನಿಲ್ಲುತ್ತವೆ. ಅದರ ಬೆನ್ನಿಗೇ ಅನೇಕರಿಗೆ ಸೀನು, ಕಣ್ಣುರಿ, ಮೂಗು ಸೋರುವ ಕಾಟವೂ ಶುರು. ಎರಡೂ ಒಟ್ಟಿಗೆ ಬರುವುದರಿಂದ ಅಪವಾದ ಹೂವಿನ ತಲೆಗೆ. ಪಾಪದ ಮರ! ಅದು ಬಣ್ಣ ಬಳಿದುಕೊಂಡಿರುವುದು ಜೇನ್ನೊಣದಂಥ ಕೀಟಗಳನ್ನು ಕರೆಯಲು. ಅದರ ಪರಾಗ ಅಂಟಂಟು; ಕೀಟದ ಮೈಗೆ ಮೆತ್ತಿಕೊಂಡು ಹೋಗುವಂಥದ್ದೇ ಹೊರತು ಗಾಳಿಯಲ್ಲಿ ದೂರ ತೇಲುವಂಥದ್ದಲ್ಲ.

ಗಾಳಿಯನ್ನೇ ನಂಬಿದ ಮರಗಳ ರೀತಿ ಬೇರೆ. ಸರ್ವೆ ಮರ ಹೂ ಬಿಟ್ಟಿದ್ದನ್ನು ಎಷ್ಟು ಮಂದಿ ಗಮನಿಸಿದ್ದಾರೆ? ತಪಸಿ ಮರ ಎಲೆ ಕಳಚಿಕೊಂಡು ಬೋಳಾಗಿ ನಿಂತಾಗ ಕೊಂಬೆಗಳ ಮೇಲೆ ಸಣ್ಣ ಸಣ್ಣ ಗೊಂಚಲು ಮೂಡುತ್ತದೆ. ಹೂವೋ ಕಸವೋ ಎಂದು ದಾರಿಹೋಕರಿಗೆ ತಿಳಿಯದು. ಬಣ್ಣ ಇಲ್ಲ, ಕಣ್ಣು ಸೆಳೆಯುವ ಎಸಳಿಲ್ಲ. ಇರುವುದು ಹಗುರವಾದ, ಲೆಕ್ಕವಿಲ್ಲದಷ್ಟು ಪರಾಗ ಮಾತ್ರ. ಸೀನುವವರು ಸಂಶಯಪಡಬೇಕಾದದ್ದು ಇಂಥ ಮರಗಳ ಮೇಲೆ. ಆದರೆ ಯಾವ ದಿನ ಯಾವ ಮರದ ಪರಾಗ ಗಾಳಿಯಲ್ಲಿತ್ತು ಎಂದು ಜನರಿಗೆ ದಿನಾ ಹೇಳುವ ವ್ಯವಸ್ಥೆಯೇ ಇಲ್ಲದಿರುವಾಗ ಕಣ್ಣಿಗೆ ಬಿದ್ದದ್ದೇ ಅಪರಾಧಿಯಾಗುತ್ತದೆ. ಅಥವಾ ಎಲ್ಲವೂ ‘ಡಸ್ಟ್ ಅಲರ್ಜಿ’ ಎಂಬ ಒಂದೇ ಖಾತೆಗೆ ಜಮೆಯಾಗುತ್ತದೆ.

ಮರ ಪರಾಗ ಬಿಡುವುದು ತನ್ನ ಮನಸ್ಸು ಬಂದ ದಿನವಲ್ಲ. ಬಲಿತ ಪರಾಗಕೋಶದ ಗೋಡೆಯ ನೀರು ಆರಬೇಕು. ಒಣಗಿದ ಗೋಡೆ ಸೆಟೆದು, ಬಿಸಿಲಿಗೆ ಹಾಕಿದ ಅವರೆಕಾಯಿಯ ಹಾಗೆ ಬಾಯಿ ಬಿಡಬೇಕು. ಮೋಡ ಕವಿದು ಗಾಳಿ ತೇವವಾಗಿದ್ದರೆ ಕೋಶ ಮುಚ್ಚಿಕೊಂಡೇ ಇರುತ್ತದೆ. ಎರಡು ದಿನ ಜಿಟಿಜಿಟಿ ಮಳೆ ಹಿಡಿದು, ಮೂರನೆಯ ದಿನ ಬಿಸಿಲು ಬಿದ್ದು ಗಾಳಿ ಎದ್ದರೆ ತಡೆದಿಟ್ಟದ್ದೆಲ್ಲ ಒಮ್ಮೆಗೇ ಹೊರಬೀಳುತ್ತದೆ. ಮಳೆ ಗಾಳಿಯನ್ನು ತೊಳೆಯುತ್ತದೆ ಎಂಬುದು ಸುಳ್ಳಲ್ಲ, ಆದರೆ ಆ ನೆಮ್ಮದಿ ಆ ಹೊತ್ತಿನದು. ಮಳೆ ನಿಂತ ಮರುದಿನವೇ ಹೆಚ್ಚು ಎಚ್ಚರ ಬೇಕು.

ಈ ಲೆಕ್ಕಾಚಾರದಲ್ಲಿ ಪಳಗಿದವರು ಜಪಾನಿಗರು. ಪಳಗದೆ ಅವರಿಗೆ ಗತಿಯೂ ಇರಲಿಲ್ಲ. ಎರಡನೇ ಮಹಾಯುದ್ಧದ ನಂತರ ಬೋಳುಗುಡ್ಡಗಳನ್ನು ಹಸಿರಾಗಿಸಲು, ಮನೆ ಕಟ್ಟಲು ಮರ ಒದಗಿಸಲು ಅಲ್ಲಿನ ಸರ್ಕಾರ ಸುಗಿ ಎಂಬ ಸೂಚಿಪರ್ಣಿ ಮರವನ್ನು ಎಗ್ಗಿಲ್ಲದೆ ನೆಡಿಸಿತು. ಆಮೇಲೆ ಅಗ್ಗದ ಆಮದು ಮರ ಬಂತು, ಸುಗಿಯನ್ನು ಕಡಿಯುವವರಿಲ್ಲದೆ ತೋಪುಗಳು ಬಲಿತವು. ಈಗ ಅದರ ನೆಡುತೋಪು ಸುಮಾರು 44 ಲಕ್ಷ ಹೆಕ್ಟೇರ್. ನಿಕ್ಕೊ ಪಟ್ಟಣದಿಂದ ಸುಗಿ ಪರಾಗದ ಅಲರ್ಜಿಯ ವೈದ್ಯಕೀಯ ವರದಿ ಬಂದದ್ದು 1964ರಲ್ಲಿ. ಕಿವಿ, ಮೂಗು, ಗಂಟಲು ವೈದ್ಯರು ಮತ್ತು ಅವರ ಕುಟುಂಬದವರನ್ನು ವಿಚಾರಿಸಿದ 2019ರ ಸಮೀಕ್ಷೆಯಲ್ಲಿ ಶೇ 39ರಷ್ಟು ಮಂದಿಗೆ ಈ ಅಲರ್ಜಿ ಇತ್ತು. ಮದ್ದು ಕೊಡುವವರ ಮನೆಯಲ್ಲೇ ಇಷ್ಟು.

ಸುಗಿಯ ಗಂಡು ಹೂವಿನ ಮೊಗ್ಗು ಕಟ್ಟುವುದು ಹಿಂದಿನ ವರ್ಷದ ಬೇಸಿಗೆಯಲ್ಲಿ. ಜುಲೈ ಸುಡುಬಿಸಿಲಿನದಾಗಿ, ಮಳೆ ಕಡಿಮೆಯಾಗಿದ್ದರೆ ಮುಂದಿನ ವಸಂತಕ್ಕೆ ಪರಾಗ ಹೆಚ್ಚು. 2022ರ ಬೇಸಿಗೆಯ ಬಿಸಿಲಿನ ಬಿಸಿ 2023ರ ವಸಂತದಲ್ಲಿ ಟೋಕಿಯೊದವರ ಮೂಗಿಗೆ ತಟ್ಟಿದ್ದು ಹೀಗೆ. ಎಷ್ಟು ಎಂಬುದನ್ನು ಹಿಂದಿನ ಬೇಸಿಗೆ ಹೇಳಿದರೆ, ಯಾವಾಗ ಎಂಬುದನ್ನು ಚಳಿಗಾಲ ಹೇಳುತ್ತದೆ: ಜನವರಿ 1ರಿಂದ ದಿನದಿನದ ಗರಿಷ್ಠ ಉಷ್ಣಾಂಶ ಕೂಡಿಸುತ್ತಾ ಹೋದರೆ ಟೋಕಿಯೊ ಸುತ್ತಮುತ್ತ ಮೊತ್ತ 400ರ ಆಸುಪಾಸು ತಲುಪುವ ಹೊತ್ತಿಗೆ ಹಾರಾಟ ಶುರು. ವ್ಯಾಸಲೀನ್ ಸವರಿದ ಗಾಜಿನ ಪಟ್ಟಿಯನ್ನು ಹೊರಗಿಟ್ಟು, ಒಂದು ಚದರ ಸೆಂಟಿಮೀಟರಿಗೆ ಕನಿಷ್ಠ ಒಂದು ಸುಗಿ ರೇಣು ಸತತ ಎರಡು ದಿನ ಸಿಕ್ಕರೆ ಅವುಗಳಲ್ಲಿ ಮೊದಲ ದಿನವನ್ನು ಋತುವಿನ ಆರಂಭ ಎಂದು ಸಾರುತ್ತಾರೆ. ನಗರಕ್ಕೆ ಪರಾಗ ಬರುವುದಕ್ಕೂ ಹೊತ್ತುಗೊತ್ತಿದೆ. ಬೆಟ್ಟದಲ್ಲಿ ಬೆಳಿಗ್ಗೆ ಎದ್ದದ್ದು ನಡುಮಧ್ಯಾಹ್ನಕ್ಕೆ ಬಂದು ಸೇರುತ್ತದೆ. ಬಿಸಿಗಾಳಿಯ ಜತೆ ಮೇಲೇರಿದ್ದು ಸಂಜೆ ತಂಪಾಗುತ್ತಲೇ ಕೆಳಗಿಳಿಯುತ್ತದೆ. ಕಚೇರಿ ಬಿಟ್ಟು ಮನೆಗೆ ಹೊರಡುವ ಹೊತ್ತು ಅದೇ.

ಅಲ್ಲಿನ ಖಾಸಗಿ ಹವಾಮಾನ ಸಂಸ್ಥೆ ವೆದರ್‌ನ್ಯೂಸ್ ಮನೆಗಳ ಹೊರಗೆ ಚೆಂಡಿನಾಕಾರದ ಪರಾಗಮಾಪಕಗಳನ್ನು ತೂಗುಹಾಕಿಸಿದೆ. ಅವಕ್ಕೆ ಕಣ್ಣುಗಳೂ ಉಂಟು. ಪರಾಗ ಏರಿದಂತೆ ಕಣ್ಣಿನ ಬಣ್ಣ ಬದಲಾಗುತ್ತದೆ. 2023ರಲ್ಲಿ ಸರ್ಕಾರವೇ ಎದ್ದು, ಹತ್ತು ವರ್ಷಗಳಲ್ಲಿ ಸುಗಿ ತೋಪನ್ನು ಶೇ 20ರಷ್ಟು ಕಡಿಮೆ ಮಾಡುವ ಯೋಜನೆ ಪ್ರಕಟಿಸಿತು. ನೆಟ್ಟದ್ದನ್ನು ತೆಗೆಯಲು ಹೊರಡುವುದಕ್ಕೇ ಅವರಿಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು ಎಂಬುದು ಬೇರೆ ಮಾತು.

‘ನಮ್ಮಲ್ಲಿ ಸುಗಿಯಂಥ ಏಕಜಾತಿ ತೋಪು ಅಷ್ಟಿಲ್ಲ, ವಾಹನದ ಹೊಗೆ, ಕಟ್ಟಡದ ಧೂಳು ಇರುವಾಗ ಪರಾಗದ ಉಸಾಬರಿ ಯಾಕೆ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ಹುರುಳಿಲ್ಲದ್ದಲ್ಲ. ಆದರೆ ಹೊಗೆ ಎಷ್ಟು, ಧೂಳು ಎಷ್ಟು, ಪರಾಗ ಎಷ್ಟು ಎಂದು ಬಿಡಿಸಿ ಹೇಳಲು ಅಳತೆ ಬೇಕಲ್ಲ! ಮಾಲಿನ್ಯ ನಿಯಂತ್ರಣ ಮಂಡಳಿಯ ವಾಯು ಗುಣಮಟ್ಟ ಸೂಚ್ಯಂಕ ಲೆಕ್ಕಕ್ಕೆ ಹಿಡಿಯುವುದು 10 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳನ್ನು. ಮರಗಳ ಪರಾಗ ಸಾಮಾನ್ಯವಾಗಿ ಅದಕ್ಕಿಂತ ದಪ್ಪ. ಸುಗಿಯದು 30 ಮೈಕ್ರಾನ್ ಆಸುಪಾಸು. ಅಂದರೆ ಸೂಚ್ಯಂಕ ‘ತೃಪ್ತಿಕರ’ ಎಂದು ಹಸಿರು ತೋರಿಸುವ ದಿನವೂ ಬೀದಿಯ ಗಾಳಿ ಪರಾಗದಿಂದ ತುಂಬಿರಬಹುದು. ಆ ದಿನ ಮನೆಯ ಕಿಟಕಿ ತೆರೆದಿಟ್ಟ ಉಬ್ಬಸ ರೋಗಿಗೆ ಯಾವ ಫಲಕವೂ ನೆರವಾಗದು.

ಮುನ್ನೆಚ್ಚರಿಕೆ ಸಿಗದೆ ಇದ್ದರೆ ಏನಾಗಬಹುದು ಎಂಬುದಕ್ಕೆ ಮೆಲ್ಬರ್ನ್ ಉದಾಹರಣೆ ಇದೆ, ಅಲ್ಲಿ ಮರದ ಬದಲು ಹುಲ್ಲಿನ ಪರಾಗ. 2016ರ ನವೆಂಬರ್ 21, 35 ಡಿಗ್ರಿ ದಾಟಿದ ಸೆಕೆ, ಸಂಜೆ ಗುಡುಗು ಸಹಿತ ಬಿರುಗಾಳಿ. ತೇವ ಹೀರಿದ ರೈಗ್ರಾಸ್ ಪರಾಗ ಒಡೆದು ನುಚ್ಚಾಯಿತು. ಮೂಗಿನಲ್ಲೇ ನಿಲ್ಲುತ್ತಿದ್ದದ್ದು ಶ್ವಾಸಕೋಶದ ಆಳಕ್ಕೆ ಇಳಿಯಿತು. ತುರ್ತು ಚಿಕಿತ್ಸಾ ಘಟಕಗಳಿಗೆ ಸಾವಿರಗಟ್ಟಲೆ ಜನ ನುಗ್ಗಿದರು, 10 ಮಂದಿ ಸತ್ತರು. ಬಾಧಿತರಲ್ಲಿ ಭಾರತೀಯ ಮೂಲದವರೂ ಗಣನೀಯ ಸಂಖ್ಯೆಯಲ್ಲಿದ್ದರು. ಅನೇಕರಿಗೆ ಅದುವರೆಗೆ ಉಬ್ಬಸ ಇದೆಯೆಂದೇ ಗೊತ್ತಿರಲಿಲ್ಲ. ಇದ್ದದ್ದು ಬರೀ ಸೀನಿನ ಕಾಟ. ಮರುವರ್ಷದಿಂದ ವಿಕ್ಟೋರಿಯಾ ರಾಜ್ಯ ಇದಕ್ಕೆಂದೇ ಮುನ್ಸೂಚನೆ ನೀಡತೊಡಗಿತು.

ಪರಾಗ ಅಳೆಯಲು ಕರ್ನಾಟಕ ಬರಿಗೈಯಿಂದ ಶುರುಮಾಡಬೇಕಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಎಸ್. ಎನ್. ಅಗಾಶೆ ಮತ್ತು ಸಹೋದ್ಯೋಗಿಗಳು 1980ರ ದಶಕದಲ್ಲೇ ನಗರದ ಗಾಳಿಯಲ್ಲಿನ ಪರಾಗವನ್ನು ಹಿಡಿದು, ಎಣಿಸಿ, ಹವೆಯೊಂದಿಗೆ ತಾಳೆ ನೋಡಿದ್ದರು. ಆ ಕೆಲಸ ಪ್ರತಿದಿನದ ಸಾರ್ವಜನಿಕ ಸೇವೆಯಾಗಿ ಬೆಳೆಯಲಿಲ್ಲ. ಚಂಡೀಗಡ ಇತ್ತೀಚೆಗೆ ತನ್ನದೇ ಪರಾಗ ಪಂಚಾಂಗ ಮಾಡಿಕೊಂಡಿದೆ. ಮಳೆ ಅಳೆಯುವುದರಲ್ಲಂತೂ ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ: ಪಂಚಾಯಿತಿ ಮಟ್ಟದವರೆಗೆ 6 ಸಾವಿರಕ್ಕೂ ಹೆಚ್ಚು ಮಳೆಮಾಪಕಗಳಿವೆ, ವಿಪತ್ತು ಉಸ್ತುವಾರಿ ಕೇಂದ್ರಕ್ಕೆ ಅವುಗಳ ಲೆಕ್ಕ ತಾನಾಗಿ ಬಂದು ಬೀಳುತ್ತದೆ. ಪರಾಗಕ್ಕೆ ಅಷ್ಟೊಂದು ಯಂತ್ರ ಬೇಕಿಲ್ಲ, ನಾಲ್ಕೈದು ಊರುಗಳಲ್ಲಿ ಒಂದೊಂದಿದ್ದರೂ ಆರಂಭಕ್ಕೆ ಸಾಕು.

ಬೇಕಾದ ಯಂತ್ರವೂ ಹೊಸದಲ್ಲ. ಇಂಗ್ಲೆಂಡಿನ ಜೆ. ಎಂ. ಹರ್ಸ್ಟ್ 1952ರಲ್ಲಿ ಪ್ರಕಟಿಸಿದ ವಿನ್ಯಾಸವೇ ಇಂದಿಗೂ ಜಗತ್ತಿನ ಬಹುಪಾಲು ಕೇಂದ್ರಗಳಲ್ಲಿ ನಡೆಯುತ್ತಿದೆ. ಮಹಡಿಯ ಮೇಲಿಟ್ಟ ಪೆಟ್ಟಿಗೆ ಸಣ್ಣ ಸೀಳಿನಿಂದ ನಿಮಿಷಕ್ಕೆ 10 ಲೀಟರ್ ಗಾಳಿ ಎಳೆಯುತ್ತದೆ. ಒಳಗಿನ ಉರುಳೆಗೆ ಅಂಟು ಸವರಿದ ಟೇಪ್ ಸುತ್ತಿರುತ್ತದೆ. ಗಂಟೆಗೆ 2 ಮಿಲಿಮೀಟರ್‌ನಂತೆ ಸರಿಯುತ್ತಾ ಒಂದು ವಾರದ ಗಾಳಿಯನ್ನು ಬರೆದಿಡುತ್ತದೆ. ಟೇಪನ್ನು ದಿನದ ತುಂಡಾಗಿ ಕತ್ತರಿಸಿ, ಗುಲಾಬಿ ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಒಬ್ಬರು ಕೂತು ಎಣಿಸಬೇಕು. ಇದು ಸರ್ವೆ, ಇದು ನೀಲಗಿರಿ, ಇದು ಹುಲ್ಲು ಎಂದು ಗುರುತಿಸುವ ಕಣ್ಣು ತಯಾರಾಗಬೇಕು. ಯಂತ್ರಕ್ಕಿಂತ ಅಪರೂಪ ಆ ಕಣ್ಣು. ಕಾಲೇಜುಗಳಲ್ಲಿ ಸಸ್ಯವಿಜ್ಞಾನ ಓದಿ ಬೇರೆ ಕೆಲಸ ಹುಡುಕಿಕೊಂಡು ಹೋಗುವ ಹುಡುಗ ಹುಡುಗಿಯರಿಗೆ ಇದು ಒಳ್ಳೆಯ ಉದ್ಯೋಗವಾದೀತು.

ಮೊದಲ ಕೆಲವು ವರ್ಷ ಮುನ್ಸೂಚನೆಯ ಮಾತೇ ಬೇಡ, ಬರೀ ಎಣಿಕೆ ಪ್ರಕಟವಾದರೆ ಸಾಕು. ಬಳ್ಳಾರಿ ಜಾಲಿ ಹಬ್ಬಿರುವ ಬಯಲುಸೀಮೆಯ ಲೆಕ್ಕವೇ ಬೇರೆ, ಸರ್ವೆ ಸಾಲಿರುವ ಕರಾವಳಿಯದೇ ಬೇರೆ, ತಪಸಿ ಇರುವ ಬೆಂಗಳೂರಿನದೇ ಬೇರೆ ಬರುತ್ತದೆ. ಬೆಂಗಳೂರಿನ ಪೆಟ್ಟಿಗೆಯನ್ನು ಡಿಸೆಂಬರ್ ಒಳಗೇ ಮಹಡಿ ಹತ್ತಿಸಬೇಕು: ಮಧ್ಯಾಹ್ನದ ಗಾಳಿ ವರ್ಷದಲ್ಲೇ ಹೆಚ್ಚು ಒಣಗುವುದು ಫೆಬ್ರುವರಿ–ಮಾರ್ಚ್‌ನಲ್ಲಿ.