ಒಮ್ಮೆ ಮೋಸ ಹೋದವರು ಪಾಸ್‌ವರ್ಡ್ ಆ್ಯಪ್ ನಂಬಬಹುದೇ?

ತಮ್ಮ ಆಧಾರ್, ಪ್ಯಾನ್ ಬಳಸಿ ಬೇರೆ ಯಾರೋ ಸಾಲ ಎತ್ತಿದ್ದಾರೆ ಎಂದು ಗೊತ್ತಾದವರು ಆಮೇಲೆ ಯಾವ ಆ್ಯಪನ್ನೂ ನಂಬುವುದಿಲ್ಲ. ಪಾಸ್‌ವರ್ಡ್ ಮ್ಯಾನೇಜರ್ ಬಗ್ಗೆ ಹೇಳಿದರೆ ಅವರು ನಮ್ಮನ್ನು ಕೇಳುವುದು ಒಂದೇ: ‘ಎಲ್ಲಾ ಒಂದೇ ಕಡೆ ಇಟ್ಟು, ಅದೇ ಕಳುವಾದರೆ?’

ಆ ಭಯ ಸುಳ್ಳಲ್ಲ. 2022ರಲ್ಲಿ ಲಾಸ್ಟ್‌ಪಾಸ್ ಕಂಪನಿಯಿಂದ ಗ್ರಾಹಕರ ಪಾಸ್‌ವರ್ಡ್ ಪೆಟ್ಟಿಗೆಗಳ ನಕಲನ್ನೇ ಕಳ್ಳರು ಹೊತ್ತೊಯ್ದರು. ಆದರೆ ಒಳಗಿನ ಪಾಸ್‌ವರ್ಡ್‌ಗಳು ಗೂಢಲಿಪಿಯಲ್ಲಿದ್ದವು. ಅದನ್ನು ಬಿಡಿಸುವ ಮಾಸ್ಟರ್ ಪಾಸ್‌ವರ್ಡ್ ಕಂಪನಿಯ ಬಳಿಯೂ ಇರಲಿಲ್ಲ. ಹೆಚ್ಚು ಅಪಾಯವಿದ್ದದ್ದು ಸುಲಭದ ಮಾಸ್ಟರ್ ಪಾಸ್‌ವರ್ಡ್ ಇಟ್ಟವರಿಗೆ.

ನಮ್ಮ ಈಗಿನ ಪದ್ಧತಿ ನೋಡಿ. ಮಕ್ಕಳ ಹೆಸರಿಗೆ 123 ಸೇರಿಸಿ ಎಲ್ಲ ಕಡೆಗೂ ಅದನ್ನೇ ಇಡುತ್ತೇವೆ. ಸೈಬರ್ ಸೆಂಟರಿನ ಪುಸ್ತಕದಲ್ಲೂ ಬರೆಸಿ ಬರುತ್ತೇವೆ. ಒಂದು ಕಡೆ ಸೋರಿದರೆ ಎಲ್ಲವೂ ಹೋಯಿತು. ಅದಕ್ಕಿಂತ ಆ್ಯಪೇ ವಾಸಿ ಎನ್ನುತ್ತೇವೆ ನಾವು. ಬಿಟ್‌ವಾರ್ಡನ್‌ನಂಥವು ಉಚಿತವಾಗಿಯೇ ಸಿಗುತ್ತವೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿ ಉದ್ದದ ಮಾಸ್ಟರ್ ಪಾಸ್‌ವರ್ಡ್ ಮಾಡಿ. ಚೀಟಿಯಲ್ಲಿ ಬರೆದು ಜಮೀನಿನ ಪತ್ರಗಳ ಜೊತೆ ಬೀರುವಿನಲ್ಲಿಡಿ. ಮರೆತರೆ ಕಂಪನಿಯವರೂ ಹೇಳಲಾರರು.

ಹಾಗಂತ ಆ್ಯಪ್ ಎಲ್ಲವನ್ನೂ ಕಾಯುವುದಿಲ್ಲ. ಕೇಳಿದವರಿಗೆ ಓಟಿಪಿ ಹೇಳಿದರೆ, ಆಧಾರ್ ಜೆರಾಕ್ಸ್ ಕೊಟ್ಟರೆ ಅದೇನು ಮಾಡೀತು? ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಡಿ. ನಿಮ್ಮ ಹೆಸರಲ್ಲಿ ಗೊತ್ತಿಲ್ಲದ ಸಾಲವಿದೆಯೇ ಎಂದು ಸಿಬಿಲ್ ವರದಿಯಲ್ಲಿ ನೋಡಿ. ವರ್ಷಕ್ಕೊಮ್ಮೆ ಅದು ಉಚಿತ. ಖಾತೆಯಿಂದ ಹಣ ಹೋದರೆ ಮರುದಿನಕ್ಕೆ ಕಾಯದೆ ಕೂಡಲೇ 1930ಕ್ಕೆ ಫೋನ್ ಮಾಡಿ.