ಎರಡನೆಯ ಸಲ ಆರಿಸುವ ಅವಕಾಶ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಗಬ್ಬೂರಿನ ಅಕ್ಕನ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ಭಾವ ಪಿಯು ಕಾಲೇಜಿನ ಅರ್ಜಿ ಮುಂದಿಟ್ಟುಕೊಂಡು ಕುಳಿತಿದ್ದರು. ಅವರಿಗೆ ಸೈನ್ಸ್, ಮಗನಿಗೆ ಆರ್ಟ್ಸ್. ‘ಒಮ್ಮಿ ಆರ್ಟ್ಸ್ ಹಿಡದ್ರ ಮುಗೀತು, ಮತ್ತ ತಿರುಗಿ ಬರಾಕ ಆಗಂಗಿಲ್ಲ’ ಎಂದರು. ಹುಡುಗ ತುಟಿ ಬಿಚ್ಚದೆ ಮೂಲೆಯಲ್ಲಿ ಮೊಬೈಲ್ ಒತ್ತುತ್ತಿದ್ದ.

ಅವನು ಆಡುತ್ತಿದ್ದುದು ‘ಟ್ರಯಲ್ಸ್ ಆಫ್ ಮಾನಾ’. ಇದು ಅವನಿಗಿಂತ ಹಳೆಯದು. ಜಪಾನಿನ ಸ್ಕ್ವೇರ್ ಕಂಪನಿ 1995ರಲ್ಲಿ ಸೂಪರ್ ಫ್ಯಾಮಿಕಾಂ ಯಂತ್ರಕ್ಕೆ ತಂದ ಆಟ. ಆಗ ಅದು ಜಪಾನೀ ಭಾಷೆಯಲ್ಲಷ್ಟೇ ಇತ್ತು. ಕಂಪನಿಯದೇ ಇಂಗ್ಲಿಷ್ ಆವೃತ್ತಿ ಬಂದದ್ದು 2019ರಲ್ಲಿ, ಅಂದರೆ 24 ವರ್ಷದ ಮೇಲೆ! ಅಷ್ಟರೊಳಗೆ ಅಭಿಮಾನಿಗಳು ತಾವೇ ಕುಳಿತು ಅನುವಾದಿಸಿಕೊಂಡಿದ್ದರು. 2020ರಲ್ಲಿ ಆಟವನ್ನು ಹೊಸದಾಗಿಯೇ ಕಟ್ಟಿದರು; ಮರುವರ್ಷ ಅದು ಮೊಬೈಲಿಗೂ ಬಂತು.

ಕತ್ತಿ ಬೀಸುವ ಆಟವೆಂದು ಮೂಗು ಮುರಿಯಬೇಡಿ. ಇದರ ಜೀವ ಇರುವುದು ಆಯ್ಕೆಯಲ್ಲಿ. ಕತ್ತಿವರಸೆಯ ಡುರಾನ್, ಮಂತ್ರ ಬಾರದ ರಾಜಕುಮಾರಿ ಏಂಜೆಲಾ ಮೊದಲಾಗಿ ಆರು ಮಂದಿ ಇದ್ದಾರೆ. ಅವರಲ್ಲಿ ಮೂವರನ್ನು ಆರಿಸಿಕೊಂಡು ಹೊರಡಬೇಕು. ಯಾರನ್ನು ಮುಂದಿಟ್ಟಿರೋ ಅದರಂತೆ ಕತೆ ತಿರುಗುತ್ತದೆ, ಕೊನೆಗೆ ಎದುರಾಗುವ ವೈರಿಯೂ ಬದಲಾಗುತ್ತಾನೆ. 18ನೇ ಹಂತ ಮುಟ್ಟಿದಾಗ ಇನ್ನೊಂದು ಕವಲು: ಬೆಳಕಿನ ದಾರಿಯೋ, ಕತ್ತಲಿನ ದಾರಿಯೋ? 38ನೇ ಹಂತದಲ್ಲಿ ಮತ್ತೆ ಅದೇ ಪ್ರಶ್ನೆ.

ಹಳೆಯ ಆಟದಲ್ಲಿ ಈ ನಿರ್ಧಾರ ಬದಲಿಸುವಂತಿರಲಿಲ್ಲ. ತಪ್ಪೆನಿಸಿದರೆ ಆಟವನ್ನೇ ಮೊದಲಿನಿಂದ ಆಡಬೇಕಿತ್ತು. ಹೊಸದರಲ್ಲಿ ದೇವಿಯ ಪುಟ್ಟ ಪ್ರತಿಮೆಯೊಂದು ಸಿಗುತ್ತದೆ. ಅದನ್ನು ಬಳಸಿದರೆ ಹಿಂದಿನ ಆಯ್ಕೆ ಅಳಿಸಿ ಮತ್ತೆ ಆರಿಸಬಹುದು. ‘ಮಾಮಾ, ಇದ್ರಾಗ ತಪ್ಪಿದ್ರ ತಿದ್ಕೋಬಹುದು ನೋಡು’ ಎಂದು ಹುಡುಗ ಅದನ್ನು ತೋರಿಸಿದ. ಅಪ್ಪನಿಗೆ ಕೇಳಲೆಂದೇ ಹೇಳಿದನೇನೋ!

ಭಾವನ ಮಾತಿನಲ್ಲಿ ಅರ್ಧ ಸತ್ಯವಿದೆ. ಸೈನ್ಸ್ ಓದಿದವರು ಮುಂದೆ ಬಿ.ಎ.ಗೆ ಬರಬಹುದು, ಆರ್ಟ್ಸ್ ಓದಿದವರಿಗೆ ಎಂಜಿನಿಯರಿಂಗ್, ಮೆಡಿಕಲ್ ಬಾಗಿಲು ತೆರೆಯದು. ಇನ್ನರ್ಧ ಸತ್ಯವನ್ನು ಅವರು ಹೇಳಲಿಲ್ಲ. ಕಾನೂನು, ಶಿಕ್ಷಕ ವೃತ್ತಿ, ಕೆ.ಎ.ಎಸ್., ಐ.ಎ.ಎಸ್. ಪರೀಕ್ಷೆಗಳ ದಾರಿ ಆರ್ಟ್ಸ್‌ನಿಂದಲೂ ಇದೆ. ಮನಸ್ಸಿಲ್ಲದೆ ಸೈನ್ಸ್ ಹಿಡಿದು ಎರಡು ವರ್ಷ ಕಳೆದುಕೊಂಡರೆ, ಆ ವರ್ಷಗಳನ್ನು ಯಾವ ಪ್ರತಿಮೆಯೂ ಹಿಂದಕ್ಕೆ ಕೊಡದು.

ಹಾಗೆಂದು ಮಕ್ಕಳೂ ‘ಆಮೇಲೆ ಬದಲಿಸಿದರಾಯಿತು’ ಎನ್ನುವಂತಿಲ್ಲ. ಹಳೆಯ ಆಟದ ಬಿಗಿಯಲ್ಲಿ ಒಂದು ಗುಣವಿತ್ತು: ಬದಲಿಸಲಾಗದೆಂದು ಗೊತ್ತಿದ್ದವನು ಗುಂಡಿ ಒತ್ತುವ ಮುನ್ನ ನಾಲ್ಕು ಸಲ ಯೋಚಿಸುತ್ತಿದ್ದ. ಮಕ್ಕಳು ಆ ಯೋಚನೆಯನ್ನೂ, ಹೆತ್ತವರು ಹೊಸ ಆಟದ ಔದಾರ್ಯವನ್ನೂ ಕಲಿತರೆ ಪಡಸಾಲೆಯ ಜಗಳ ಅರ್ಧ ಕಡಿಮೆಯಾದೀತು.

ರಾತ್ರಿ ಊಟವಾದ ಮೇಲೆ ಭಾವ ಮಗನ ಪಕ್ಕ ಬಂದು ಕುಳಿತರು. ‘ಆರು ಮಂದ್ಯಾಗ ನೀ ಯಾರನ್ನ ಆರಿಸ್ಕೊಂಡೀದಿ?’ ಎಂದು ಕೇಳಿದರು. ಹುಡುಗ ಹೇಳತೊಡಗಿದ. ಯಾಕೆ ಆರಿಸಿಕೊಂಡೆ ಎಂಬುದನ್ನೂ ಹೇಳಿದ.

ಅರ್ಜಿಯನ್ನು ಆ ದಿನ ಯಾರೂ ತುಂಬಲಿಲ್ಲ.